ಔಷಧಿ ಯಾವಾಗ ಹೊಡೀಬಾರ್ದು?

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುವಾಗ ನಮ್ಮ ಟೀಮಿನಲ್ಲಿ ಹತ್ತೇ ನಿಮಿಷಕ್ಕೆ ತೀರ್ಮಾನ ಆಗಿಹೋಯ್ತು: ಔಷಧಿ ಸಿಂಪಡಿಸೋ ಡ್ರೋನ್. ಯಾಕೆ ಅಂತ ಕೇಳಿದ್ರೆ ಯಾರ ಹತ್ರಾನೂ ದೊಡ್ಡ ಉತ್ತರ ಇರಲಿಲ್ಲ. ಸೀನಿಯರ್ಸ್ ಮಾಡಿದ್ರು, ಹಳೇ ಫ್ರೇಮ್ ಒಂದು ಲ್ಯಾಬಲ್ಲೇ ಬಿದ್ದಿತ್ತು, ಮೊದಲ ಸ್ಲೈಡಲ್ಲಿ "ರೈತರಿಗಾಗಿ" ಅಂತ ಹಾಕಿದ್ರೆ ಯಾವ ಗೈಡ್ ಕೂಡ ಬೇಡ ಅನ್ನಲ್ಲ. ನಮ್ಮ ಕಾಲೇಜಿನ ಯಾವ ಟೆಕ್ ಫೆಸ್ಟ್‌ಗೆ ಬೇಕಾದ್ರೂ ಹೋಗಿ ನೋಡಿ, ಇಂಥದ್ದು ಎರಡು ಸ್ಟಾಲ್ ಇದ್ದೇ ಇರುತ್ತೆ.

ನಮ್ಮಮ್ಮನ ತಮ್ಮ, ಅಂದ್ರೆ ನಮ್ಮ ಮಾಮ, ಮುಳಬಾಗಿಲು ಕಡೆ ಎರಡು ಎಕರೆಯಲ್ಲಿ ಟೊಮೆಟೊ ಹಾಕ್ತಾರೆ. "ಯೂಸರ್ ಇಂಟರ್ವ್ಯೂ" ಅಂತ ಒಂದು ಸ್ಲೈಡ್ ಬೇಕಿತ್ತು, ಹಾಗಾಗಿ ರಜೆಗೆ ಹೋದಾಗ ಅವರ ಹತ್ರ ಡ್ರೋನ್ ವಿಷಯ ಹೇಳಿದೆ. ಮಾಮ ಗೂಟಕ್ಕೆ ದಾರ ಕಟ್ತಾ ಇದ್ದವರು ತಲೆ ಎತ್ತದೇ ಹೇಳಿದ್ರು: "ಔಷಧಿ ಹೊಡೆಯೋಕೆ ನಮಗೆ ಬರುತ್ತಮ್ಮ. ಹೊಡೀರಿ ಅಂತ ಹೇಳೋಕೆ ಅಂಗಡಿಯವನೂ ಇದ್ದಾನೆ. ಯಾವತ್ತು ಹೊಡೀಬಾರ್ದು ಅಂತ ಹೇಳೋ ಮಷೀನ್ ಇದ್ರೆ ಮಾಡ್ಕೊಂಡು ಬಾ."

ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ತಲೆಯಲ್ಲೇ ಕೂತುಬಿಡ್ತು. ಹೊಡೀಬಾರ್ದ ದಿನ ಅಂತ ಒಂದು ಇರಬೇಕಾದ್ರೆ, ಆ ದಿನ ಗಿಡ ತನ್ನನ್ನು ತಾನೇ ನೋಡ್ಕೊಳ್ಳುತ್ತೆ ಅಂತ ತಾನೇ ಅರ್ಥ? ಅದು ಹೇಗೆ ನೋಡ್ಕೊಳ್ಳುತ್ತೆ? ಹನ್ನೆರಡನೇ ಕ್ಲಾಸ್ ಬಯಾಲಜಿ ಬಿಟ್ಟಮೇಲೆ ಮೊದಲ ಸಲ, ಪರೀಕ್ಷೆಗೆ ಅಲ್ಲದೆ, ಗಿಡದ ಬಗ್ಗೆ ಓದೋಕೆ ಕೂತೆ. ಓದಿದ ಮೇಲೆ ನನಗೆ ಬಂದ ಅಭಿಪ್ರಾಯ ಇಷ್ಟು: ಗಿಡ ಈಗಾಗಲೇ ಏನು ಮಾಡುತ್ತಿದೆ ಅಂತ ತಿಳಿಯದೇ ಅದಕ್ಕೆ ಮಷೀನ್ ಮಾಡೋಕೆ ಹೊರಡೋದು, ಸರ್ಕ್ಯೂಟ್ ನೋಡದೇ ಸೋಲ್ಡರ್ ಮಾಡೋಕೆ ಕೂತ ಹಾಗೆ. ಯಾಕೆ ಅಂತ ಹೇಳ್ತೀನಿ.

ಕೈಗೆ ಅಂಟಿದ ಬಣ್ಣ

ಅವತ್ತು ಮಾಮನ ಜೊತೆ ಒಂದು ಗಂಟೆ ನಾನೂ ದಾರ ಕಟ್ಟಿದೆ. ಸಂಜೆ ಕೈ ನೋಡಿದ್ರೆ ಬೆರಳೆಲ್ಲ ಕಪ್ಪು ಹಸಿರು. ಸೋಪು ಹಾಕಿ ತೊಳೆದ್ರೆ ನೀರು ಹಳದಿ. ಟೊಮೆಟೊ ತೋಟದಲ್ಲಿ ಕೆಲಸ ಮಾಡಿದ ಎಲ್ಲರಿಗೂ ಈ ಬಣ್ಣ ಗೊತ್ತು. ಕೊಳೆ ಅಂದ್ಕೊಂಡಿದ್ದೆ. ಅದು ಗಿಡದ ಆಯುಧ.

ಟೊಮೆಟೊ ಗಿಡದ ಕಾಂಡ, ಎಲೆ ಎಲ್ಲ ಸಣ್ಣ ಸಣ್ಣ ಕೂದಲಿಂದ ತುಂಬಿರುತ್ತದೆ. ಇದಕ್ಕೆ ಟ್ರೈಕೋಮ್ ಅಂತ ಹೆಸರು. ಇದರಲ್ಲಿ ಹಲವು ಬಗೆ. ಕೆಲವು ಬರೀ ಕೂದಲು, ಹುಳು ನಡೆಯೋಕೆ ಅಡ್ಡ ಬರುತ್ತವೆ ಅಷ್ಟೇ. ಇನ್ನು ಕೆಲವಕ್ಕೆ ತುದಿಯಲ್ಲಿ ಗ್ರಂಥಿ ಇರುತ್ತದೆ. ವಿಜ್ಞಾನಿಗಳು ಆರನೇ ಬಗೆ ಅಂತ ಕರೆಯುವ ಕೂದಲಿನ ತುದಿಯಲ್ಲಿ ನಾಲ್ಕು ಜೀವಕೋಶಗಳ ಪುಟ್ಟ ಗಂಟು, ಅದರೊಳಗೆ ಟರ್ಪೀನ್ ಎಂಬ ವಾಸನೆಯ ರಾಸಾಯನಿಕಗಳು. ಹುಳು ಕಾಲು ತಾಗಿಸಿದರೆ ಗಂಟು ಒಡೆಯುತ್ತದೆ. ಒಳಗಿನ ರಸ ಅಂಟಾಗಿ ಕಾಲಿಗೆ, ಬಾಯಿಗೆ ಮೆತ್ತಿಕೊಳ್ಳುತ್ತದೆ. ಸಣ್ಣ ಕೀಟಗಳು ಅಲ್ಲೇ ಸಿಕ್ಕಿಬೀಳುವುದೂ ಉಂಟು. ಟೊಮೆಟೊ ಗಿಡ ಮುಟ್ಟಿದ ತಕ್ಷಣ ಘಾಟು ವಾಸನೆ ಬರುತ್ತಲ್ಲ, ಅದು ಹಣ್ಣಿನದ್ದಲ್ಲ, ಈ ಕೂದಲಿನದ್ದು.

ಕೂದಲು ದಾಟಿ ಬಂದವರಿಗೆ ಎರಡನೇ ಬೇಲಿ ಟೊಮಾಟಿನ್. ಇದು ಎಲೆಯಲ್ಲೂ ಹಸಿರು ಕಾಯಿಯಲ್ಲೂ ಇರುವ ಕಹಿ ಪದಾರ್ಥ. ಕೀಟ, ಶಿಲೀಂಧ್ರಗಳ ಜೀವಕೋಶದ ಪೊರೆಯನ್ನು ಕೆಡಿಸುತ್ತದೆ. ಕಾಯಿ ಹಣ್ಣಾಗುತ್ತಾ ಬಂದ ಹಾಗೆ ಗಿಡವೇ ಇದನ್ನು ಬೇರೆ ಪದಾರ್ಥವಾಗಿ ಬದಲಾಯಿಸಿಬಿಡುತ್ತದೆ. ಲೆಕ್ಕಾಚಾರ ನೋಡಿ: ಬೀಜ ಬಲಿಯುವ ತನಕ ಯಾರೂ ತಿನ್ನಬಾರದು, ಬಲಿತ ಮೇಲೆ ತಿಂದು ಬೀಜ ಹರಡಬೇಕು. ಟೈಮರ್ ಇಟ್ಟ ಬೀಗ ಇದು. ನಮ್ಮನೇಲಿ ಮಾಡೋ ಟೊಮೆಟೊ ಕಾಯಿ ಚಟ್ನಿಯಲ್ಲಿ ಇರುವಷ್ಟು ನಮಗೇನೂ ಮಾಡಲ್ಲ, ಭಯ ಬೇಡ.

ಕಚ್ಚಿದ ಮೇಲೆ ಶುರುವಾಗೋ ಕೆಲಸ

ಇಲ್ಲಿಯವರೆಗೆ ಹೇಳಿದ್ದು ಯಾವಾಗಲೂ ಆನ್ ಇರುವ ರಕ್ಷಣೆ. ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಇನ್ನೊಂದು ಬಗೆ, ಹುಳು ಕಚ್ಚಿದ ಮೇಲಷ್ಟೇ ಶುರುವಾಗುವಂಥದ್ದು.

1972ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಗ್ರೀನ್ ಮತ್ತು ಕ್ಲಾರೆನ್ಸ್ ರಯಾನ್ ಎಂಬ ಇಬ್ಬರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಚಿಕ್ಕ ಪೇಪರ್ ಪ್ರಕಟಿಸಿದರು. ಅವರು ಮಾಡಿದ್ದು ಸರಳ. ಆಲೂಗಡ್ಡೆ, ಟೊಮೆಟೊ ಎಲೆಯ ಮೇಲೆ ಜೀರುಂಡೆ ಬಿಟ್ಟು ತಿನ್ನಿಸಿದರು. ಆಮೇಲೆ ಎಲೆಯಲ್ಲಿ ಏನು ಬದಲಾಯಿತು ಅಂತ ಅಳೆದರು. ಪ್ರೋಟಿನೇಸ್ ಇನ್ಹಿಬಿಟರ್ ಎಂಬ ಪ್ರೋಟೀನ್ ತುಂಬಿಕೊಂಡಿತ್ತು. ಅದು ಕಚ್ಚಿದ ಎಲೆಯಲ್ಲಿ ಮಾತ್ರ ಅಲ್ಲ, ಹುಳು ಮುಟ್ಟದೇ ಇದ್ದ ಮೇಲಿನ ಎಲೆಗಳಲ್ಲೂ ಇತ್ತು!

ಈ ಇನ್ಹಿಬಿಟರ್ ಏನು ಮಾಡುತ್ತೆ? ಹುಳುವಿನ ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣ ಮಾಡುವ ಟ್ರಿಪ್ಸಿನ್‌ನಂಥ ಎಂಜೈಮ್‌ಗಳಿಗೆ ಹೋಗಿ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಹುಳು ತಿನ್ನುತ್ತಲೇ ಇರುತ್ತದೆ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಇಷ್ಟೇ ಅಲ್ಲ. ಗಾಯವಾದ ಟೊಮೆಟೊ ಎಲೆ ಆರ್ಜಿನೇಸ್, ಥ್ರಿಯೊನಿನ್ ಡಿಅಮಿನೇಸ್ ಎಂಬ ಎರಡು ಎಂಜೈಮ್‌ಗಳನ್ನೂ ಹೆಚ್ಚಾಗಿ ತಯಾರಿಸುತ್ತದೆ. ಹುಳು ಎಲೆ ನುಂಗಿದ ಮೇಲೂ ಇವು ಅದರ ಹೊಟ್ಟೆಯಲ್ಲಿ ಕೆಲಸ ಮುಂದುವರಿಸುತ್ತವೆ. ಹುಳುವಿಗೆ ಬೆಳೆಯೋಕೆ ಬೇಕಾದ ಆರ್ಜಿನಿನ್, ಥ್ರಿಯೊನಿನ್ ಎಂಬ ಅಮೈನೋ ಆಸಿಡ್‌ಗಳನ್ನು ಅಲ್ಲೇ ಒಡೆದು ಹಾಕುತ್ತವೆ. ಅಂದ್ರೆ ಊಟಕ್ಕೆ ಹಾಕಿ, ಹೊಟ್ಟೆಯೊಳಗೇ ವಾಪಸ್ ಕಿತ್ತುಕೊಳ್ಳೋದು.

ಸರಿ, ಕೆಳಗಿನ ಎಲೆ ಕಚ್ಚಿದ್ದು ಮೇಲಿನ ಎಲೆಗೆ ಹೇಗೆ ಗೊತ್ತಾಯ್ತು? ಗಿಡಕ್ಕೆ ನರ ಇಲ್ಲ. ಇದಕ್ಕೆ ಉತ್ತರ ಹುಡುಕೋಕೆ ರಯಾನ್ ತಂಡಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1991ರಲ್ಲಿ ಅವರು ಟೊಮೆಟೊ ಎಲೆಗಳಿಂದ ಸಿಸ್ಟಮಿನ್ ಎಂಬ ಪೆಪ್ಟೈಡ್ ಬೇರ್ಪಡಿಸಿದರು. ಬರೀ 18 ಅಮೈನೋ ಆಸಿಡ್‌ಗಳ ಒಂದು ಪುಟ್ಟ ಸರಪಳಿ. ಇನ್ಸುಲಿನ್ ತರದ ಪೆಪ್ಟೈಡ್ ಹಾರ್ಮೋನು ಪ್ರಾಣಿಗಳಲ್ಲಿ ಮಾತ್ರ ಇರುತ್ತೆ ಅಂತ ಅಲ್ಲಿಯ ತನಕ ಅಂದುಕೊಂಡಿದ್ದರು. ಗಿಡದಲ್ಲಿ ಸಿಕ್ಕಿದ ಮೊದಲನೆಯದು ಇದೇ, ಅದೂ ನಾವು ಸಾರಿಗೆ ಹಾಕೋ ಟೊಮೆಟೊ ಗಿಡದಲ್ಲಿ.

ಸಿಸ್ಟಮಿನ್ ಕೆಲಸ ಏನಂದ್ರೆ ಜಾಸ್ಮೊನಿಕ್ ಆಸಿಡ್ ಎಂಬ ಇನ್ನೊಂದು ಹಾರ್ಮೋನು ತಯಾರಾಗುವಂತೆ ಮಾಡುವುದು. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಿಂದಲೇ ಇದು ತಯಾರಾಗುತ್ತದೆ. ಆಮೇಲೆ ಗಿಡದಲ್ಲಿ ಕಸಿ ಮಾಡಿ ನಡೆಸಿದ ಪ್ರಯೋಗಗಳಲ್ಲಿ ಗೊತ್ತಾಗಿದ್ದು, ದೂರದ ಎಲೆಗಳಿಗೆ ಸುದ್ದಿ ಮುಟ್ಟಿಸೋದರಲ್ಲಿ ಮುಖ್ಯ ಪಾತ್ರ ಜಾಸ್ಮೊನಿಕ್ ಆಸಿಡ್ ಕಡೆಯದ್ದು, ಸಿಸ್ಟಮಿನ್ ಗಾಯದ ಜಾಗದಲ್ಲಿ ಅದನ್ನು ಜೋರು ಮಾಡುತ್ತೆ ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಆಂಪ್ಲಿಫೈಯರ್, ಇನ್ನೊಂದು ಸಿಗ್ನಲ್.

ಕೊನೆಯ ಹಂತ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇಷ್ಟ ಆಗುತ್ತೆ. ರಕ್ಷಣೆಯ ಜೀನ್‌ಗಳು ಯಾವಾಗಲೂ ಸಿದ್ಧವಾಗೇ ಇರುತ್ತವೆ, ಆದರೆ ಅವುಗಳ ಮೇಲೆ ಜಾಝ್ ಎಂಬ ಪ್ರೋಟೀನ್‌ಗಳು ಚಿಲಕ ಹಾಕಿ ಕೂತಿರುತ್ತವೆ. ಜಾಸ್ಮೊನೇಟ್ ಬಂದಾಗ ಆ ಚಿಲಕವೇ ನಾಶವಾಗುತ್ತದೆ. ತಡೆಯುವುದನ್ನು ತಡೆದರೆ ಕೆಲಸ ಶುರು. ಎರಡು ನಾಟ್ ಗೇಟ್ ಸಾಲಾಗಿ ಇಟ್ಟ ಹಾಗೆ. ಹೊಸದಾಗಿ ಎಲ್ಲ ಕಟ್ಟಿಕೊಂಡು ಕೂರಬೇಕಿಲ್ಲ, ಚಿಲಕ ತೆಗೆದರೆ ಸಾಕು.

ಯಾಕೆ ಯಾವಾಗಲೂ ಆನ್ ಇಟ್ಟುಕೊಳ್ಳಬಾರದು? ಖರ್ಚು! ಈ ಎಲ್ಲ ಪ್ರೋಟೀನ್‌ಗೆ ನೈಟ್ರೋಜನ್ ಬೇಕು, ಕಾರ್ಬನ್ ಬೇಕು. ಅದೇ ಸಾಮಾನಿನಿಂದ ಎಲೆ, ಹೂವು, ಕಾಯಿ ಆಗಬೇಕು. ಹುಳು ಇಲ್ಲದಿರುವಾಗ ಕಾವಲುಗಾರರಿಗೇ ಸಂಬಳ ಕೊಡ್ತಾ ಕೂತ್ರೆ ಮನೆ ನಡೆಯಲ್ಲ. ಹಾಗಾಗಿ ಗಿಡ ಪೋಲಿಂಗ್ ಮಾಡಲ್ಲ, ಇಂಟರಪ್ಟ್‌ಗೆ ಕಾಯುತ್ತೆ. "ಯಾವಾಗ ಹೊಡೀಬಾರ್ದು" ಅಂತ ಮಾಮ ಕೇಳಿದ ಪ್ರಶ್ನೆಯನ್ನು ಗಿಡ ಎಷ್ಟೋ ಲಕ್ಷ ವರ್ಷದ ಹಿಂದೆಯೇ ಬಿಡಿಸಿಕೊಂಡಿದೆ.

ಜಾಜಿ ವಾಸನೆಯ ಸಂದೇಶ

ಜಾಸ್ಮೊನೇಟ್ ಅನ್ನೋ ಹೆಸರು ನೋಡಿದ್ರೆ ನಿಮಗೆ ಅನುಮಾನ ಬಂದಿರಬಹುದು. ಹೌದು, ಜಾಸ್ಮಿನ್‌ನಿಂದಲೇ ಬಂದಿದ್ದು. ಇದರ ಹತ್ತಿರದ ಸಂಬಂಧಿ ಮೀಥೈಲ್ ಜಾಸ್ಮೊನೇಟ್‌ನ್ನು 1962ರಲ್ಲಿ ಜಾಜಿ ಹೂವಿನ ಎಣ್ಣೆಯಿಂದ ಬೇರ್ಪಡಿಸಿದ್ದರು. ಸೆಂಟು ಮಾಡುವವರಿಗೆ ಬೇಕಾದ ವಸ್ತು. 1990ರಲ್ಲಿ ಫಾರ್ಮರ್ ಮತ್ತು ಇದೇ ರಯಾನ್ ಒಂದು ಪ್ರಯೋಗ ಮಾಡಿದರು. ಮುಚ್ಚಿದ ಪೆಟ್ಟಿಗೆಯಲ್ಲಿ ಟೊಮೆಟೊ ಗಿಡದ ಪಕ್ಕ ಸೇಜ್‌ಬ್ರಷ್ ಎಂಬ ಪೊದೆಯ ಕೊಂಬೆ ಇಟ್ಟರು. ಈ ಪೊದೆ ತನ್ನಷ್ಟಕ್ಕೆ ಮೀಥೈಲ್ ಜಾಸ್ಮೊನೇಟ್ ಗಾಳಿಗೆ ಬಿಡುತ್ತದೆ. ಟೊಮೆಟೊವನ್ನು ಯಾರೂ ಕಚ್ಚಲಿಲ್ಲ, ಚುಚ್ಚಲಿಲ್ಲ. ಆದರೂ ಅದರ ಎಲೆಗಳಲ್ಲಿ ಇನ್ಹಿಬಿಟರ್ ತುಂಬಿಕೊಂಡಿತು. ಬರೀ ವಾಸನೆಗೆ!

ಇದಕ್ಕಿಂತ ನಮಗೆ ಹತ್ತಿರದ್ದು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದ್ದು. ಅವರು ಬಳಸಿದ್ದು ಸ್ಪೊಡಾಪ್ಟೆರಾ ಲಿಟ್ಯುರಾ ಹುಳು, ನಮ್ಮ ಹೊಲಗಳಲ್ಲೂ ರಾತ್ರಿ ಹೊತ್ತು ಎಲೆ ತಿನ್ನೋದು ಅದೇ. ಈ ಹುಳು ತಿನ್ನುತ್ತಿರುವ ಟೊಮೆಟೊ ಗಿಡದಿಂದ ಹಸಿ ಹುಲ್ಲು ಕೊಯ್ದಾಗ ಬರುವಂಥ ವಾಸನೆ ಬರುತ್ತದೆ. ಪಕ್ಕದ ಗಿಡ ಆ ವಾಸನೆಯ ಒಂದು ಪದಾರ್ಥವನ್ನು ಹೀರಿಕೊಂಡು, ಅದಕ್ಕೆ ಸಕ್ಕರೆ ಸೇರಿಸಿ, ಹುಳುವಿಗೆ ಆಗದ ವಸ್ತುವಾಗಿ ಮಾಡಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಪಕ್ಕದ ಮನೆಯಿಂದ ಬಂದ ಕೂಗನ್ನು ಕೇಳಿ ಎಚ್ಚರ ಆಗೋದು ಒಂದು, ಆ ಕೂಗನ್ನೇ ದೊಣ್ಣೆ ಮಾಡ್ಕೊಳ್ಳೋದು ಇನ್ನೊಂದು. ಟೊಮೆಟೊ ಎರಡನೆಯದ್ದನ್ನೂ ಮಾಡುತ್ತೆ.

ವಾಸನೆಗೆ ಇನ್ನೊಬ್ಬರೂ ಬರುತ್ತಾರೆ: ಕಣಜಗಳು. ನಮ್ಮನ್ನು ಕಚ್ಚುವ ದೊಡ್ಡ ಕಣಜ ಅಲ್ಲ, ಹುಳುವಿನ ಮೈಯೊಳಗೆ ಮೊಟ್ಟೆ ಇಡುವ ಸಣ್ಣ ಜಾತಿ. ಮರಿಗಳು ಹುಳುವನ್ನು ಒಳಗಿಂದಲೇ ತಿಂದು ಹೊರಗೆ ಬರುತ್ತವೆ. 1999ರಲ್ಲಿ ಜೆನಿಫರ್ ಥೇಲರ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದಲ್ಲಿ ಟೊಮೆಟೊ ಹೊಲಕ್ಕೆ ಜಾಸ್ಮೊನಿಕ್ ಆಸಿಡ್ ಸಿಂಪಡಿಸಿ ನೋಡಿದರು. ಕಣಜದ ಮೊಟ್ಟೆಗೆ ಬಲಿಯಾದ ಹುಳುಗಳ ಪ್ರಮಾಣ ಎರಡು ಪಟ್ಟಾಗಿತ್ತು. 2017ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಇನ್ನೊಂದು ವಿಚಿತ್ರ ಕಂಡರು. ಮೀಥೈಲ್ ಜಾಸ್ಮೊನೇಟ್‌ನಿಂದ ಎಚ್ಚರಗೊಂಡ ಟೊಮೆಟೊ ಗಿಡದ ಮೇಲೆ ಬಿಟ್ಟ ಹುಳುಗಳು, ಎಲೆ ಸರಿಹೋಗದೆ, ಬೇಗನೇ ಒಂದನ್ನೊಂದು ತಿನ್ನೋಕೆ ಶುರು ಮಾಡಿದವು.

ಹುಳುಗಳೇನು ಸುಮ್ಮನಿಲ್ಲ

ಇಷ್ಟೆಲ್ಲ ಇದ್ದ ಮೇಲೆ ಮಾಮನ ತೋಟಕ್ಕೆ ಹುಳು ಯಾಕೆ ಬರುತ್ತೆ ಅಂತ ನೀವು ಕೇಳಬೇಕು. ನಾನೂ ಕೇಳಿಕೊಂಡೆ. ಉತ್ತರ: ಹುಳುಗಳೂ ಸುಮ್ಮನೆ ಕೂತಿಲ್ಲ.

ಅಮೆರಿಕದ ಆಲೂಗಡ್ಡೆ ಜೀರುಂಡೆಯ ಮರಿ ಎಲೆ ಕಡಿಯುವಾಗ ತನ್ನ ಎಂಜಲಿನ ಜೊತೆ ಬ್ಯಾಕ್ಟೀರಿಯಾವನ್ನೂ ಬಿಡುತ್ತದೆ. ಟೊಮೆಟೊ ಗಿಡ ಮೋಸ ಹೋಗುತ್ತದೆ. ಬಂದಿರೋದು ರೋಗ ಅಂದುಕೊಂಡು ರೋಗದ ವಿರುದ್ಧದ ಸ್ವಿಚ್ ಹಾಕುತ್ತದೆ. ಆ ಸ್ವಿಚ್ ಹಾಕಿದರೆ ಹುಳುವಿನ ವಿರುದ್ಧದ ಜಾಸ್ಮೊನೇಟ್ ಸ್ವಿಚ್ ಮಂದವಾಗುತ್ತದೆ. 2013ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿದಾಗ ನನಗೆ ಸೈಬರ್ ಸೆಕ್ಯುರಿಟಿ ಕ್ಲಾಸ್ ನೆನಪಾಯ್ತು.

ಬಿಳಿ ನೊಣ ಇನ್ನೂ ಮುಂದೆ. ನಮ್ಮ ಕಡೆ ಟೊಮೆಟೊಗೆ ಎಲೆ ಮುದುರು ರೋಗ ತಂದು ಹಾಕುವುದು ಇದೇ. ಗಿಡಗಳು ಕೀಟಗಳಿಗಾಗಿ ಒಂದು ಬಗೆಯ ವಿಷ ತಯಾರಿಸುತ್ತವೆ. ಆ ವಿಷ ತಮಗೇ ತಾಗದಂತೆ ನಿಷ್ಕ್ರಿಯ ಮಾಡುವ ಜೀನ್ ಕೂಡ ಗಿಡಗಳ ಹತ್ತಿರ ಇದೆ. ಎಂದೋ ಒಂದು ಕಾಲದಲ್ಲಿ ಆ ಜೀನ್ ಗಿಡದಿಂದ ಬಿಳಿ ನೊಣಕ್ಕೆ ದಾಟಿದೆ ಅಂತ 2021ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಬೀಗದ ಕೈ ಕದ್ದ ಕಳ್ಳ ಅನ್ನಿ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಆ ಒಂದು ಜೀನನ್ನು ಮಾತ್ರ ಮುಚ್ಚಿಹಾಕುವ ಆರ್‌ಎನ್‌ಎ ತಯಾರಿಸುವ ಟೊಮೆಟೊ ಗಿಡ ಮಾಡಿದರು. ಅದರ ರಸ ಹೀರಿದ ಬಿಳಿ ನೊಣಗಳು ಬಹುತೇಕ ಸತ್ತವು, ಬೇರೆ ಕೀಟಗಳಿಗೆ ಏನೂ ಆಗಲಿಲ್ಲ.

ಇನ್ನು ಟೂಟಾ ಅಬ್ಸಲ್ಯೂಟಾ ಎಂಬ ಸಣ್ಣ ಪತಂಗ. ಟೊಮೆಟೊ ಥರಾನೇ ಇದೂ ದಕ್ಷಿಣ ಅಮೆರಿಕದ್ದು. ಭಾರತದಲ್ಲಿ ಮೊದಲು ಕಂಡಿದ್ದು 2014ರಲ್ಲಿ. ಇದರ ಮರಿ ಎಲೆಯ ಮೇಲುಪದರ ಕೆಳಪದರದ ಮಧ್ಯೆ ಸುರಂಗ ಕೊರೆದುಕೊಂಡು ಒಳಗೇ ಇರುತ್ತದೆ. ಒಳಗೆ ಸೇರಿಕೊಂಡ ಮೇಲೆ ಹೊರಗಿನ ಅಂಟು ಕೂದಲು ಅದನ್ನೇನು ಮಾಡಲಿಕ್ಕಾಗುತ್ತೆ?

ಹಾಗಾಗಿ "ಪ್ರಕೃತಿಯೇ ಎಲ್ಲ ನೋಡಿಕೊಳ್ಳುತ್ತೆ, ಔಷಧಿಯೇ ಬೇಡ" ಅಂತ ವಾಟ್ಸಾಪಲ್ಲಿ ಬರೋ ಮಾತನ್ನು ನಾನು ಹೇಳ್ತಿಲ್ಲ. ಅದು ಸುಲಭದ ಮಾತು, ನಷ್ಟ ಆಗೋದು ಹೇಳಿದವರಿಗಲ್ಲ.

ನಾವು ಬಿಟ್ಟುಬಂದಿದ್ದು

ಆದರೆ ಕಥೆಯಲ್ಲಿ ನಮ್ಮ ಪಾಲೂ ಇದೆ. ಪೆರು, ಈಕ್ವೆಡಾರ್ ಕಡೆ ಇನ್ನೂ ಕಾಡು ಟೊಮೆಟೊ ಬೆಳೆಯುತ್ತವೆ. ಅದರಲ್ಲಿ ಒಂದು ಜಾತಿಯ ಕೂದಲಿನಲ್ಲಿ 2-ಟ್ರೈಡೆಕನೋನ್ ಎಂಬ ಪದಾರ್ಥ ಇದೆ, ಅದೇ ಕೀಟನಾಶಕ ಅಂತ 1980ರಲ್ಲಿ ಕಂಡುಹಿಡಿದರು. ಇನ್ನು ಕೆಲವು ಕಾಡು ಗಿಡಗಳಲ್ಲಿ ಶುಂಠಿಯ ಜಿಂಜಿಬೆರೀನ್‌ಗೆ ಅಣ್ಣತಮ್ಮನಂತಿರುವ ಒಂದು ಪದಾರ್ಥ, ಅದರ ವಾಸನೆಗೆ ಬಿಳಿ ನೊಣ ಹತ್ತಿರ ಬರಲ್ಲ. ಪೆನ್ನೆಲ್ಲಿ ಎಂಬ ಮತ್ತೊಂದು ಕಾಡು ಜಾತಿ ಎಲೆ ತುಂಬಾ ಅಸೈಲ್ ಶುಗರ್ ಎಂಬ ಅಂಟು ಸುರಿಸುತ್ತದೆ. ಅದನ್ನು ಸುರಿಸುವ ಬಗೆಯ ಕೂದಲು ನಮ್ಮ ಊಟದ ಟೊಮೆಟೊದ ಬೆಳೆದ ಗಿಡದಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಯಾಕೆ ಹೀಗಾಯ್ತು? ತಲೆತಲಾಂತರದಿಂದ ನಾವು ಬೀಜ ಆರಿಸಿದ್ದು ಹಣ್ಣು ನೋಡಿ. ದೊಡ್ಡದಿದೆಯಾ, ಕೆಂಪಿದೆಯಾ, ಲಾರಿಯಲ್ಲಿ ಒಡೆಯದೇ ಹೋಗುತ್ತಾ. ಕೂದಲಿನ ತುದಿಯಲ್ಲಿ ಏನಿದೆ ಅಂತ ಯಾರೂ ನೋಡಲಿಲ್ಲ. ಬೈಯ್ಯೋಕೆ ಹೇಳ್ತಿಲ್ಲ, ಕಾಡು ಟೊಮೆಟೊ ಹಣ್ಣು ಪುಟ್ಟದು, ಅದರಲ್ಲಿ ಸಾರು ಆಗಲ್ಲ. ಆದರೆ ಗಿಡದ ಒಳಗಿದ್ದ ರಕ್ಷಣೆಯನ್ನು ಕಡಿಮೆ ಮಾಡಿ, ಅದರ ಜಾಗಕ್ಕೆ ಹೊರಗಿನಿಂದ ಪಂಪು ತಂದಿಟ್ಟವರು ನಾವೇ ಅನ್ನೋದು ನೆನಪಿರಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಥಾ ಮುಚ್ಲರ್ ಕಾಡು ಗಿಡದ ಅಸೈಲ್ ಶುಗರನ್ನು ಊಟದ ಟೊಮೆಟೊಗೆ ವಾಪಸ್ ತರಲು ದಶಕಗಳ ಕಾಲ ತಳಿ ಬೆರೆಸಿದ್ದಾರೆ. ಬಿಟ್ಟುಬರೋದು ಸುಲಭ, ತರೋದು ಅಷ್ಟು ಕಷ್ಟ.

ವಾಪಸ್ ತರೋದ್ರಲ್ಲೂ ತೊಡಕಿದೆ. ಅಂಟು ಕೂದಲು ಜಾಸ್ತಿ ಆದರೆ ಹುಳುವಿನ ಮೊಟ್ಟೆ ಹುಡುಕಿ ಬರುವ ಟ್ರೈಕೋಗ್ರಾಮ ಕಣಜವೂ ಅಂಟಿಕೊಂಡು ಸಾಯುತ್ತದೆ. 2-ಟ್ರೈಡೆಕನೋನ್ ತಿಂದು ಬದುಕಿದ ಕಾಯಿಕೊರಕ ಹುಳು ಕಾರ್ಬರಿಲ್ ಎಂಬ ಕೀಟನಾಶಕವನ್ನೂ ಹೆಚ್ಚು ತಡೆದುಕೊಳ್ಳುತ್ತದೆ ಅಂತ 1984ರಲ್ಲೇ ತೋರಿಸಿದ್ದಾರೆ. ಗಿಡದ ವಿಷಕ್ಕೆ ಹುಳು ಮಾಡಿಕೊಂಡ ತಯಾರಿ ನಮ್ಮ ವಿಷಕ್ಕೂ ಉಪಯೋಗಕ್ಕೆ ಬಂತು. ಅಂದ್ರೆ ಗಿಡದ ರಕ್ಷಣೆ, ನಮ್ಮ ಔಷಧಿ, ಕಣಜ, ಹುಳು ಎಲ್ಲ ಒಂದೇ ಸರ್ಕ್ಯೂಟಿನಲ್ಲಿವೆ. ಒಂದು ಕಡೆ ವೋಲ್ಟೇಜ್ ಏರಿಸಿದರೆ ಇನ್ನೆಲ್ಲೋ ಏನೋ ಸುಡುತ್ತೆ.

ಹಾಗಾದ್ರೆ ಡ್ರೋನ್ ಬೇಡ್ವಾ?

ನನ್ನ ಫ್ರೆಂಡ್ ಒಬ್ಬ ಇದನ್ನೇ ಕೇಳಿದ. ಅವನ ವಾದ ಸರಿಯಾಗೇ ಇದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನ ಮಧ್ಯೆ ನಡೆಯುವವರ ಮೈಮೇಲೆ, ಮೂಗಿನೊಳಗೆ ಔಷಧಿ ಹೋಗುತ್ತೆ. ಡ್ರೋನ್ ಆದರೆ ಮನುಷ್ಯ ದೂರ ನಿಲ್ಲಬಹುದು. ಸರ್ಕಾರವೂ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು 2023ರಲ್ಲಿ ಹೊರಟಿತ್ತು. ರೈತನ ಕಷ್ಟವೂ ನಿಜ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿದೆಯಲ್ಲ, ಬೇರೆ ವರ್ಷ ಅದೇ ಹಣ್ಣನ್ನು ರಸ್ತೆಗೆ ಸುರಿದಿದ್ದೂ ನೋಡಿದೀವಿ. ಕೋಲಾರದ ಮಾರ್ಕೆಟ್‌ನಲ್ಲಿ ನಾಳೆ ಬಾಕ್ಸ್‌ಗೆ ಎಷ್ಟು ಸಿಗುತ್ತೆ ಅಂತ ಇವತ್ತು ಗೊತ್ತಿರಲ್ಲ. ಅಂಥವರಿಗೆ "ಸ್ವಲ್ಪ ಕಾದು ನೋಡಿ, ಗಿಡ ನೋಡ್ಕೊಳ್ಳುತ್ತೆ" ಅಂದ್ರೆ ಯಾರು ಕೇಳ್ತಾರೆ? ಭಯಕ್ಕೆ ವಾರಕ್ಕೊಂದು ಸಲ ಹೊಡೆಯುತ್ತಾರೆ.

ನಾನು ಹೇಳೋದು ಅಲ್ಲೇ. ಭಯ ಇರೋದು ಮಾಹಿತಿ ಇಲ್ಲದ್ದಕ್ಕೆ. ಡ್ರೋನ್ "ಹೇಗೆ ಹೊಡೆಯೋದು" ಅನ್ನೋದನ್ನು ಸುಧಾರಿಸುತ್ತೆ, "ಹೊಡೆಯಬೇಕಾ" ಅನ್ನೋದನ್ನಲ್ಲ. ಹೊಡೆಯೋದು ಸುಲಭ ಆದಷ್ಟೂ ಜಾಸ್ತಿ ಹೊಡೆಯುವ ಸಾಧ್ಯತೆಯೇ ಹೆಚ್ಚು. ಕೀಟನಾಶಕದಲ್ಲಿ ಬಹಳಷ್ಟು ಹುಳುವನ್ನೂ ಕಣಜವನ್ನೂ ಬೇರೆ ಮಾಡಿ ನೋಡಲ್ಲ. ಗಿಡ ವಾಸನೆ ಬಿಟ್ಟು ಕರೆಸಿಕೊಂಡ ಕಾವಲುಗಾರನೇ ಮೊದಲು ಸಾಯೋದು. ಹುಳು ಮಾತ್ರ, ಅದರಲ್ಲೂ ಕಾಯಿಕೊರಕ, ಒಂದೊಂದೇ ಔಷಧಿಗೆ ಒಗ್ಗಿಕೊಂಡು ಬಂದಿದೆ.

ಗಿಡದ ಜೊತೆ ಕೆಲಸ ಮಾಡುವ ದಾರಿ ಇಲ್ಲದೇ ಇಲ್ಲ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1990ರ ದಶಕದಲ್ಲೇ ಒಂದು ದಾರಿ ಹೇಳಿತ್ತು. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. 25 ದಿನದ ಟೊಮೆಟೊ ಸಸಿ ನೆಡುವಾಗ ಚೆಂಡು ಹೂವಿನ ಸಸಿಗೆ 45 ದಿನ ಆಗಿರಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗ ಹೂವನ್ನೇ ಇಷ್ಟಪಟ್ಟು ಅಲ್ಲಿ ಮೊಟ್ಟೆ ಇಡುತ್ತದೆ, ಟೊಮೆಟೊ ಉಳಿಯುತ್ತದೆ. ಬ್ಯಾಟರಿ ಬೇಡ, ಆಪ್ ಬೇಡ. ಎರಡು ಸಂಖ್ಯೆ ಸರಿಯಾಗಿ ಕಂಡುಹಿಡಿದಿದ್ದಾರೆ ಅಷ್ಟೇ. ನನ್ನ ಪ್ರಕಾರ ಇದು ನಮ್ಮ ಫೆಸ್ಟ್‌ನ ಬಹುಮಾನ ಬಂದ ಎಷ್ಟೋ ಪ್ರಾಜೆಕ್ಟ್‌ಗಿಂತ ಒಳ್ಳೇ ಇಂಜಿನಿಯರಿಂಗ್.

ನಮ್ಮ ಪ್ರಾಜೆಕ್ಟ್ ಏನಾಯ್ತು

ಡ್ರೋನ್ ಬಿಟ್ವಿ. ಟೀಮಲ್ಲಿ ಎರಡು ದಿನ ಜಗಳ ಆಯ್ತು, ಆಮೇಲೆ ಒಪ್ಪಿದ್ರು. ಕಾಯಿಕೊರಕದ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತೆ. ಹೆಣ್ಣು ಪತಂಗದ ವಾಸನೆಯನ್ನು ರಬ್ಬರಿಗೆ ಹಾಕಿ ಕೊಟ್ಟಿರುತ್ತಾರೆ. ಆ ಬಲೆಯೊಳಗೆ ಒಂದು ಇಎಸ್‌ಪಿ32 ಕ್ಯಾಮೆರಾ ಕೂರಿಸಿ, ರಾತ್ರಿ ಎಷ್ಟು ಪತಂಗ ಬಿದ್ದವು ಅಂತ ಎಣಿಸಿ ಬೆಳಿಗ್ಗೆ ಮಾಮನ ಫೋನಿಗೆ ಮೆಸೇಜ್ ಕಳಿಸೋದು. ಇಷ್ಟೇ ನಮ್ಮ ಮಷೀನ್.

ಚೆನ್ನಾಗಿ ಕೆಲಸ ಮಾಡ್ತು ಅಂತ ಸುಳ್ಳು ಹೇಳಲ್ಲ. ಮೊದಲ ವಾರ ಒಣಗಿದ ಎಲೆಯನ್ನೂ ಪತಂಗ ಅಂತ ಎಣಿಸ್ತು. ಮಳೆ ಬಂದ ದಿನ ಸತ್ತೇ ಹೋಗಿತ್ತು. ರಿವ್ಯೂನಲ್ಲಿ "ಇದರಲ್ಲಿ ಇನೋವೇಶನ್ ಎಲ್ಲಿದೆ, ಡ್ರೋನೇ ಮಾಡಬಹುದಿತ್ತಲ್ಲ" ಅಂತ ಕೇಳಿದ್ರು. ಉತ್ತರ ಕೊಡೋಕೆ ನನಗೆ ಆ ಐದು ನಿಮಿಷ ಸಾಕಾಗಲಿಲ್ಲ, ಅದಕ್ಕೇ ಇಲ್ಲಿ ಇಷ್ಟು ಉದ್ದ ಬರೀತಿದೀನಿ.

ಆದರೆ ಒಂದು ವಾರ ದಿನಾ ಸೊನ್ನೆ, ಒಂದು, ಸೊನ್ನೆ ಅಂತಲೇ ಬಂತು. ಮಾಮ ಸಾಲುಗಳಲ್ಲಿ ಓಡಾಡಿ ಮೊಟ್ಟೆ ಇದೆಯಾ ಅಂತ ಕಣ್ಣಾರೆ ನೋಡಿ, ಆ ವಾರದ ಔಷಧಿ ಬಿಟ್ರು. ಕಾಯಿಗೆ ಏನೂ ಆಗಲಿಲ್ಲ. ಅದು ನಮ್ಮ ಮಷೀನಿಂದಲೇ ಅಂತ ಹೇಳೋಕೆ ಒಂದು ವಾರದ ಡೇಟಾ ಸಾಲದು, ಅಷ್ಟು ಸ್ಟಾಟಿಸ್ಟಿಕ್ಸ್ ನನಗೂ ಗೊತ್ತು. ಆದರೆ ಒಂದು ಸಲದ ಔಷಧಿ, ಒಂದು ದಿನದ ಕೂಲಿ ಉಳೀತು. ಆ ವಾರ ಗಿಡದ ಹತ್ತಿರ ಬಂದ ಕಣಜಗಳೂ ಉಳಿದಿರಬೇಕು.

ಮುಂದಿನ ಸೆಮಿಸ್ಟರ್ ಟಾಪಿಕ್ ಲಿಸ್ಟ್ ಬರೋ ಹೊತ್ತಾಯ್ತು. "ಸ್ಮಾರ್ಟ್ ಅಗ್ರಿಕಲ್ಚರ್" ಅಂತ ಬರೆಯೋ ಮುಂಚೆ ಒಂದು ಸಲ ಯಾವುದಾದ್ರೂ ತೋಟಕ್ಕೆ ಹೋಗಿ, ಟೊಮೆಟೊ ಗಿಡ ಮುಟ್ಟಿ ಬನ್ನಿ. ಕೈಗೆ ಹತ್ತಿದ ಬಣ್ಣ ತೊಳೆಯೋಕೆ ಮುಂಚೆ ಅದೇನು ಅಂತ ಓದಿ. ಆಮೇಲೆ ಡ್ರೋನೇ ಮಾಡಬೇಕು ಅನ್ನಿಸಿದ್ರೆ ಮಾಡಿ, ನನ್ನ ತಕರಾರಿಲ್ಲ.

ಮಾಮ ಮೊನ್ನೆ ಫೋನ್ ಮಾಡಿದ್ರು. ಮಷೀನ್ ಹೇಗಿದೆ ಅಂತ ನಾನೇ ಕೇಳಿದೆ. "ಮಳೇಗೆ ನಿಂತು ಹೋಗದಂಗೆ ಮಾಡಮ್ಮ ಮೊದ್ಲು. ಆಮೇಲೆ ಪಕ್ಕದ ತೋಟದವರಿಗೂ ಒಂದು ಬೇಕಂತೆ" ಅಂದ್ರು.